ಥೀಮ್ ಪಾರ್ಕ್ ಪ್ರವಾಸದಲ್ಲಿ ಬೇಸಿಗೆ ಮಳೆ ಬಂದರೆ ಏನು ಮಾಡಬೇಕು: ಮನೆಮಂದಿಗೆಲ್ಲ ಒಂದು ಸಮಗ್ರ ಮಾರ್ಗದರ್ಶಿ

ಮಕ್ಕಳಿಗೆ ರಜೆ ಸಿಗುವುದು ಬೇಸಿಗೆಯಲ್ಲಿ. ಥೀಮ್ ಪಾರ್ಕ್‌ಗೆ ಹೋಗುವುದೂ ಆಗಲೇ. ಗುಡುಗು ಮಳೆ ಸುರಿಯುವುದೂ ಬಹಳಷ್ಟು ಕಡೆ ಅದೇ ತಿಂಗಳುಗಳಲ್ಲಿ. ಹಾಗಾಗಿ ಮಳೆ ಬರದೇ ಇರಲಿ ಅಂತ ಕಾಯುವುದಕ್ಕಿಂತ, ಬಂದೇ ಬರುತ್ತದೆ ಅಂತ ಇಟ್ಟುಕೊಂಡು ಹೊರಡುವುದು ಒಳ್ಳೆಯದು.

ನನ್ನ ಸಲಹೆ ಮುಖ್ಯವಾಗಿ ಇಷ್ಟು. ಮಧ್ಯಾಹ್ನದಲ್ಲಿ ಎರಡು ಮೂರು ಗಂಟೆಯಷ್ಟು ಹೊತ್ತನ್ನು ಮೊದಲೇ ಮಳೆಗೆ ಬಿಟ್ಟುಕೊಡಿ, ಬೆಳಗ್ಗೆ ಮತ್ತು ಸಂಜೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಳೆ ಬಂತು ಅಂತ ಪಾರ್ಕ್ ಬಿಟ್ಟು ಹೊರಟುಬಿಡಬೇಡಿ. ಇನ್ನೊಂದು ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ, ಅದು ಸಿಡಿಲು. ಉಳಿದದ್ದೆಲ್ಲ ಇದನ್ನು ಮಾಡುವುದು ಹೇಗೆ ಅನ್ನುವ ವಿವರ.

ಹೆಜ್ಜೆ 1: ಹೋಗುವ ಊರಿನ ಮಳೆ ಯಾವ ಥರದ್ದು ಅಂತ ತಿಳಿದುಕೊಳ್ಳಿ

ಬೇಸಿಗೆ ಮಳೆ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿರುವ ಒರ್ಲ್ಯಾಂಡೊ ನೋಡಿ, ದೊಡ್ಡ ದೊಡ್ಡ ಪಾರ್ಕ್‌ಗಳೆಲ್ಲ ಇರುವ ಊರು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗ್ಗೆ ಸುಡು ಬಿಸಿಲು, ಮಧ್ಯಾಹ್ನ ಮೋಡ ಕವಿದು ಧೋ ಅಂತ ಒಂದು ಹೊಡೆತ, ಆಮೇಲೆ ಮತ್ತೆ ಬಿಸಿಲು. ಪೂರ್ವದ ಅಟ್ಲಾಂಟಿಕ್ ಕಡೆಯಿಂದ ಮತ್ತು ಪಶ್ಚಿಮದ ಮೆಕ್ಸಿಕೊ ಕೊಲ್ಲಿ ಕಡೆಯಿಂದ ಬೀಸುವ ಎರಡು ಕಡಲ ಗಾಳಿಗಳು ನೆಲದ ಮೇಲೆ ಎದುರಾಗಿ ತೇವದ ಗಾಳಿಯನ್ನು ಮೇಲಕ್ಕೆ ತಳ್ಳುತ್ತವೆ, ಅದರಿಂದಲೇ ಅಲ್ಲಿ ಇಷ್ಟೊಂದು ಗುಡುಗು ಮಳೆ. ಟೋಕಿಯೊದಲ್ಲಿ ಹಾಗಲ್ಲ. ಜೂನ್‌ನಿಂದ ಜುಲೈ ಮಧ್ಯದವರೆಗೆ ಅಲ್ಲಿ ಮಳೆಗಾಲ, ಇಡೀ ದಿನ ಸೋನೆ ಹಿಡಿದುಕೊಳ್ಳುವುದುಂಟು. ಟೋಕಿಯೊ ಡಿಸ್ನಿಲ್ಯಾಂಡ್‌ನ ಬಾಗಿಲು ದಾಟಿದ ಕೂಡಲೇ ಸಿಗುವ ಅಂಗಡಿ ಬೀದಿಗೆ ಗಾಜಿನ ಚಾವಣಿ ಹಾಕಿರುವುದು ಸುಮ್ನೆ ಅಲ್ಲ. ಸಿಂಗಾಪುರ ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಅಲ್ಲಿ ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಬಿರುಮಳೆ ಬರಬಹುದು.

ಇದನ್ನು ಯಾಕೆ ತಿಳಿದುಕೊಳ್ಳಬೇಕು ಅಂದರೆ, ಒಂದು ಗಂಟೆಯ ಬಿರುಮಳೆಗೆ ಬೇಕಾದ ತಯಾರಿ ಬೇರೆ, ದಿನಪೂರ್ತಿ ಸೋನೆಗೆ ಬೇಕಾದದ್ದು ಬೇರೆ. ಬಿರುಮಳೆಗೆ ಒಳಗೆ ಹೋಗಿ ಕೂತು ಕಾಯಬೇಕು. ಸೋನೆ ಮಳೆಗೆ ಕಾಯುತ್ತ ಕೂತರೆ ದಿನವೇ ಮುಗಿಯುತ್ತದೆ, ಅಲ್ಲಿ ಒಳ್ಳೆ ರೈನ್‌ಕೋಟ್ ಹಾಕಿಕೊಂಡು ನಡೆಯುತ್ತಲೇ ಇರಬೇಕು.

ಮಧ್ಯಾಹ್ನವೇ ಯಾಕೆ ಮಳೆ? ಬೆಳಗ್ಗೆಯಿಂದ ಬಿಸಿಲಿಗೆ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ತೇವದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಮೇಲೆ ತಣ್ಣಗಾಗಿ ಮೋಡ ಕಟ್ಟುತ್ತದೆ. ಇದಕ್ಕೆ ಕೆಲವು ಗಂಟೆ ಬೇಕು. ಇಂಥ ಒಂದು ಮೋಡ ಸುರಿದು ಮುಗಿಸಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು, ಒಂದರ ಹಿಂದೆ ಒಂದು ಬಂದರೆ ಮಾತ್ರ ಜಾಸ್ತಿ.

ಹವಾಮಾನ ಆ್ಯಪ್ ನೋಡಿ ಎದೆ ಒಡೆದುಕೊಳ್ಳುವವರು ತುಂಬಾ ಜನ. ವಾರಪೂರ್ತಿ ಶೇ. 60, ಶೇ. 70 ಮಳೆ ಅಂತ ಕಂಡರೆ ಪ್ರವಾಸವನ್ನೇ ರದ್ದು ಮಾಡಬೇಕು ಅನ್ನಿಸುತ್ತದೆ. ಶೇ. 60 ಅಂದರೆ ದಿನದ ಶೇ. 60 ಹೊತ್ತು ಮಳೆ ಸುರಿಯುತ್ತದೆ ಅಂತ ಅರ್ಥ ಅಲ್ಲ. ಆ ಅವಧಿಯಲ್ಲಿ ಆ ಜಾಗದಲ್ಲಿ ಅಳೆಯುವಷ್ಟು ಮಳೆ ಬೀಳುವ ಸಾಧ್ಯತೆ ಅಷ್ಟು, ಅಷ್ಟೇ. ಅದು ಹತ್ತು ನಿಮಿಷದ ಮಳೆಯೂ ಆಗಿರಬಹುದು. ದಿನದ ಚಿತ್ರ ನೋಡುವುದು ಬಿಟ್ಟು ಗಂಟೆ ಗಂಟೆಯ ಮುನ್ಸೂಚನೆ ನೋಡಿ, ಪಾರ್ಕ್ ಒಳಗೆ ಇರುವಾಗ ಆ ಹೊತ್ತಿಗೆ ಮಳೆ ಎಲ್ಲಿದೆ ಅಂತ ಬಣ್ಣದಲ್ಲಿ ತೋರಿಸುವ ರಾಡಾರ್ ನಕ್ಷೆ ನೋಡಿ. ಬಣ್ಣದ ಗುಡ್ಡೆ ಯಾವ ಕಡೆಯಿಂದ ಬರುತ್ತಿದೆ, ಎಷ್ಟು ದೊಡ್ಡದಿದೆ, ಹಿಂದೆ ಇನ್ನೊಂದು ಇದೆಯಾ, ಇಷ್ಟು ಕಂಡರೆ ಸಾಕು.

ಚಂಡಮಾರುತದ ಎಚ್ಚರಿಕೆ ಇದ್ದರೆ ಮಾತು ಬೇರೆ. ಅಟ್ಲಾಂಟಿಕ್ ಕಡೆ ಚಂಡಮಾರುತದ ಕಾಲ ಅಂತ ಗುರುತಿಸಿರುವುದು ಜೂನ್ 1ರಿಂದ ನವೆಂಬರ್ 30ರವರೆಗೆ. ಅದು ಬಂದಾಗ ಈ ಲೇಖನದ ಯಾವ ಉಪಾಯವೂ ಬೇಡ, ಅಲ್ಲಿನ ಸರ್ಕಾರ ಹೇಳಿದ ಹಾಗೆ ನಡೆದುಕೊಳ್ಳಿ.

ಹೆಜ್ಜೆ 2: ಟಿಕೆಟ್ ತೆಗೆದುಕೊಳ್ಳುವ ಮುಂಚೆ ನಿಯಮ ಓದಿ

ಮಳೆ ಬಂದರೆ ದುಡ್ಡು ವಾಪಸ್ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಬಹಳಷ್ಟು ಪಾರ್ಕ್‌ಗಳು ಮಳೆಗಾಗಿ ಹಣ ಹಿಂದಿರುಗಿಸುವುದಿಲ್ಲ. ಕೆಲವು ಕಡೆ, ರೈಡ್‌ಗಳು ಇಂತಿಷ್ಟು ಹೊತ್ತು ನಿಂತಿದ್ದರೆ ಮತ್ತೊಂದು ದಿನ ಬರಲು ಟಿಕೆಟ್ ಕೊಡುವ ಪದ್ಧತಿ ಇದೆ. ದಿನಾಂಕ ಬದಲಿಸಲು ಆಗುತ್ತದಾ, ಒಮ್ಮೆ ಹೊರಗೆ ಹೋದರೆ ಅದೇ ದಿನ ಮತ್ತೆ ಒಳಗೆ ಬಿಡುತ್ತಾರಾ, ಕ್ಯೂ ತಪ್ಪಿಸುವ ದುಬಾರಿ ಪಾಸ್ ತೆಗೆದುಕೊಂಡಾಗ ರೈಡ್ ನಿಂತರೆ ಏನು ಕೊಡುತ್ತಾರೆ, ಈ ಮೂರು ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಆಮೇಲೆ ದುಡ್ಡು ಕಟ್ಟಿ. ಆಗುವುದಾದರೆ ಪ್ರವಾಸದಲ್ಲಿ ಒಂದು ದಿನವನ್ನು ಖಾಲಿ ಬಿಟ್ಟುಕೊಳ್ಳಿ. ಉಳಿದುಕೊಳ್ಳುವ ಜಾಗ ಪಾರ್ಕ್‌ಗೆ ಹತ್ತಿರ ಇದ್ದರೆ ಮಧ್ಯಾಹ್ನ ರೂಮಿಗೆ ಹೋಗಿ ಬರಬಹುದು. ಚಿಕ್ಕ ಮಕ್ಕಳಿದ್ದವರಿಗೆ ಇದಕ್ಕೆ ಸ್ವಲ್ಪ ಜಾಸ್ತಿ ಖರ್ಚಾದರೂ ಪರವಾಗಿಲ್ಲ ಅಂತಲೇ ನಾನು ಹೇಳುತ್ತೇನೆ.

ಹೆಜ್ಜೆ 3: ಬ್ಯಾಗ್ ತುಂಬುವುದು

ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಮಳೆ ದಿನ ಚೆನ್ನಾಗಿ ಹೋಗುತ್ತದೋ ಇಲ್ಲವೋ ಅನ್ನುವುದು ಅರ್ಧ ಇಲ್ಲೇ ತೀರ್ಮಾನವಾಗುತ್ತದೆ.

ಮೊದಲು ಪಾಂಚೋ. ತಲೆಯಿಂದ ಮೊಣಕಾಲಿನವರೆಗೆ ಸಡಿಲವಾಗಿ ಬೀಳುವ, ತೋಳಿಲ್ಲದ ಆ ರೈನ್‌ಕೋಟ್. ಥೀಮ್ ಪಾರ್ಕ್‌ಗೆ ಕೊಡೆಗಿಂತ ಇದೇ ವಾಸಿ. ಕೊಡೆ ಹಿಡಿದರೆ ಒಂದು ಕೈ ಹೋಯಿತು, ಮಗುವಿನ ಕೈ ಹಿಡಿಯಲು ಇನ್ನೊಂದೇ ಉಳಿಯಿತು. ಕಿಕ್ಕಿರಿದ ಕ್ಯೂನಲ್ಲಿ ಕೊಡೆಯ ಕಡ್ಡಿ ಸರಿಯಾಗಿ ಮಕ್ಕಳ ಕಣ್ಣಿನ ಎತ್ತರಕ್ಕೆ ಬರುತ್ತದೆ, ಬಿರುಗಾಳಿಗೆ ಉಲ್ಟಾ ಆಗುತ್ತದೆ. ಪಾಂಚೋ ಸಡಿಲ ಇರುವುದರಿಂದ ಬೆನ್ನಿನ ಬ್ಯಾಗ್ ಕೂಡ ಅದರೊಳಗೇ ಒಣಗಿರುತ್ತದೆ, ಸೆಖೆಯೂ ಕಡಿಮೆ. ಮನೆಯಿಂದಲೇ ತೆಗೆದುಕೊಂಡು ಹೋಗಿ, ಮಳೆ ಶುರುವಾದ ಮೇಲೆ ಪಾರ್ಕ್ ಅಂಗಡಿಯಲ್ಲಿ ಕೊಳ್ಳಲು ನಿಂತರೆ ಬೆಲೆಯೂ ಜಾಸ್ತಿ, ಸಾಲೂ ಉದ್ದ. ಒಬ್ಬೊಬ್ಬರಿಗೆ ಎರಡೆರಡು ಇರಲಿ, ತೆಳ್ಳನೆಯವು ಬೇಗ ಹರಿಯುತ್ತವೆ. ಮಕ್ಕಳಿಗೆ ಗಾಢ ಬಣ್ಣದ್ದೇ ಕೊಡಿಸಿ. ಮಳೆಯಲ್ಲಿ ಎಲ್ಲರೂ ಒಂದೇ ಥರದ ಪಾರದರ್ಶಕ ಪ್ಲಾಸ್ಟಿಕ್ ಹೊದ್ದು ಓಡಾಡುವಾಗ ನಿಮ್ಮ ಮಗು ಯಾವುದು ಅಂತ ಹಿಂದಿನಿಂದ ಗುರುತು ಹಿಡಿಯುವುದು ಕಷ್ಟ. ಇದು ಸಣ್ಣ ವಿಷಯ ಅಂತ ಅನ್ನಿಸಬಹುದು, ಮಗು ಕಣ್ಣಿಗೆ ಬೀಳದೆ ಹೋದ ಆ ಒಂದು ನಿಮಿಷದಲ್ಲಿ ಸಣ್ಣದಾಗಿರುವುದಿಲ್ಲ.

ಕನ್ನಡಕ ಹಾಕುವವರು ಮುಂದೆ ಅಂಚಿರುವ ಟೋಪಿ ಹಾಕಿ ಅದರ ಮೇಲೆ ಪಾಂಚೋದ ತಲೆಗವಸು ಎಳೆದುಕೊಳ್ಳಿ. ಗಾಜಿನ ಮೇಲೆ ಹನಿ ಬೀಳುವುದು ಬಹಳ ಕಡಿಮೆಯಾಗುತ್ತದೆ.

ಬಟ್ಟೆ ವಿಷಯದಲ್ಲಿ ಜೀನ್ಸ್ ಬೇಡವೇ ಬೇಡ. ಒದ್ದೆಯಾದರೆ ಭಾರ, ಒಣಗಲು ಇಡೀ ದಿನ ಬೇಕು, ತೊಡೆ ಉಜ್ಜಿ ಉರಿ. ದಪ್ಪ ಹತ್ತಿ ಬಟ್ಟೆಯೂ ನೀರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ. ಆಟಗಾರರು ಹಾಕುವಂಥ ತೆಳ್ಳನೆಯ ಪಾಲಿಯೆಸ್ಟರ್ ಟೀ ಶರ್ಟ್, ಚಡ್ಡಿ ಬೇಗ ಒಣಗುತ್ತವೆ.

ಪಾದದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ದಿನಕ್ಕೆ ಹತ್ತು ಕಿಲೋಮೀಟರ್ ಮೇಲೆ ನಡೆಯುವುದು ಥೀಮ್ ಪಾರ್ಕ್‌ನಲ್ಲಿ ದೊಡ್ಡ ವಿಷಯವೇ ಅಲ್ಲ. ಒದ್ದೆ ಕಾಲುಚೀಲದೊಳಗೆ ಪಾದದ ಚರ್ಮ ಮೆತ್ತಗಾಗಿ ಬಿಳಿಚಿಕೊಳ್ಳುತ್ತದೆ, ಮೆತ್ತಗಾದ ಚರ್ಮ ಉಜ್ಜಿದರೆ ಬೊಬ್ಬೆ ಬರುತ್ತದೆ. ಆಮೇಲೆ ಮಳೆ ನಿಂತರೂ ಪ್ರಯೋಜನ ಇಲ್ಲ, ನಡೆಯಲು ಆಗಬೇಕಲ್ಲ. ಎರಡು ದಾರಿ ಇದೆ. ಒಂದು, ಹಿಂದೆ ಪಟ್ಟಿ ಇರುವ, ನೀರು ಹರಿದುಹೋಗುವ ಸ್ಯಾಂಡಲ್ ಹಾಕಿಕೊಳ್ಳುವುದು, ಅದೂ ಮೊದಲೇ ಪಳಗಿದ್ದು. ಇನ್ನೊಂದು, ಜಾಲರಿಯಂಥ ಹಗುರ ಶೂ ಹಾಕಿಕೊಂಡು ಜೊತೆಗೆ ಎರಡು ಜೊತೆ ಕಾಲುಚೀಲ ಇಟ್ಟುಕೊಳ್ಳುವುದು. ಮಳೆ ನಿಂತ ಕೂಡಲೇ ಕಾಲು ಒರೆಸಿ, ಒಣಗಿದ ಚೀಲ ಹಾಕಿ. ಹಿಮ್ಮಡಿಗೆ, ಬೆರಳ ಸಂದಿಗೆ, ತೊಡೆಯ ಒಳಭಾಗಕ್ಕೆ ಬೆಳಗ್ಗೆಯೇ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಉಜ್ಜುವುದು ಕಡಿಮೆಯಾಗುತ್ತದೆ. ಹವಾಯಿ ಚಪ್ಪಲಿ ಬೇಡ, ಒದ್ದೆ ನೆಲದಲ್ಲಿ ಜಾರುತ್ತದೆ, ರೈಡ್‌ನಲ್ಲಿ ಕಾಲಿನಿಂದ ಕಳಚಿ ಬೀಳುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಒಬ್ಬೊಬ್ಬ ಮಗುವಿಗೆ ಒಂದು ಜೊತೆ ಬಟ್ಟೆ ಜಿಪ್ ಕವರ್‌ನಲ್ಲಿ, ಒದ್ದೆ ಬಟ್ಟೆ ಹಾಕಲು ಖಾಲಿ ಕವರ್, ಬೇಗ ಒಣಗುವ ಒಂದೆರಡು ತೆಳು ಟವೆಲ್, ಎಲ್ಲರಿಗೂ ಒಂದೊಂದು ತೆಳು ಸ್ವೆಟರ್ ಅಥವಾ ಶಾಲು, ಫೋನ್‌ಗೆ ಮತ್ತು ಪವರ್ ಬ್ಯಾಂಕ್‌ಗೆ ನೀರು ಹೋಗದ ಚೀಲ, ಪಾಸ್‌ಪೋರ್ಟ್‌ನಂಥ ಕಾಗದ ಪತ್ರಗಳಿಗೆ ಇನ್ನೊಂದು. ಕೂಸಿನ ಗಾಡಿ ಇದ್ದರೆ ಅದಕ್ಕೆ ಮಳೆ ಹೊದಿಕೆ. ಗಾಳಿ ಆಡುವ ಕಿಂಡಿ ಇರುವಂಥದ್ದನ್ನೇ ಕೊಳ್ಳಿ, ಮಳೆ ನಿಂತು ಬಿಸಿಲು ಬಂದ ತಕ್ಷಣ ತೆಗೆದುಬಿಡಿ. ಪ್ಲಾಸ್ಟಿಕ್ ಮುಚ್ಚಿದ ಗಾಡಿಯ ಒಳಗೆ ಬಿಸಿ ಬಹಳ ಬೇಗ ಏರುತ್ತದೆ, ಕೂಸಿಗೆ ಅಪಾಯ.

ಹೆಜ್ಜೆ 4: ದಿನವನ್ನು ಮೂರು ಭಾಗ ಮಾಡಿ

ಬೆಳಗ್ಗೆ ಬಾಗಿಲು ತೆರೆಯುವ ಮುಂಚೆಯೇ ಅಲ್ಲಿರಿ. ಆಕಾಶ ತಿಳಿಯಾಗಿರುವಾಗ ಬಯಲಲ್ಲಿರುವ ದೊಡ್ಡ ರೋಲರ್ ಕೋಸ್ಟರ್‌ಗಳು, ಎತ್ತರದ ಟವರ್‌ಗಳು, ಪಾರ್ಕ್ ಸುತ್ತುವ ರೈಲು, ಇವನ್ನೆಲ್ಲ ಮುಗಿಸಿ. ಸಿಡಿಲಿನ ಸುಳಿವು ಸಿಕ್ಕಾಗ ಮೊದಲು ನಿಲ್ಲುವುದು ಇವೇ. ಒಳಾಂಗಣದ ರೈಡ್, ನಾಟಕ, ಸಿನಿಮಾ, ವಸ್ತುಪ್ರದರ್ಶನ ಯಾವುದನ್ನೂ ಬೆಳಗ್ಗೆ ಮುಟ್ಟಬೇಡಿ, ಅವು ಮಧ್ಯಾಹ್ನದ ಗಂಟು.

ಹಿಂದಿನ ರಾತ್ರಿ ಪಾರ್ಕ್ ನಕ್ಷೆ ತೆಗೆದು ಚಾವಣಿ ಇರುವ ಜಾಗಗಳನ್ನೆಲ್ಲ ಗುರುತು ಮಾಡಿ. ಒಂದು ಎಚ್ಚರ, ರೈಡ್ ಒಳಗಿದ್ದರೂ ಅದರ ಕ್ಯೂ ಹೊರಗೆ ಬಯಲಲ್ಲಿ ಇರಬಹುದು. ಕಟ್ಟಡದೊಳಗೇ ಕ್ಯೂ ಇರುವವು ಯಾವುವು, 20 ನಿಮಿಷಕ್ಕಿಂತ ಉದ್ದದ ಪ್ರದರ್ಶನ ಎಲ್ಲಿದೆ, ಕೂತು ಊಟ ಮಾಡುವ ಹೋಟೆಲ್ ಎಲ್ಲಿದೆ, ಇವನ್ನು ಬೇರೆ ಬಣ್ಣದಲ್ಲಿ ಬರೆದಿಟ್ಟುಕೊಳ್ಳಿ. ಹಿರಿಯರು ಜೊತೆಗಿದ್ದರೆ ಕೂರಲು ಜಾಗ ಇರುವುದನ್ನೇ ಆರಿಸಿ. ತಪ್ಪಿಸಿಕೊಂಡರೆ ಸೇರಬೇಕಾದ ಜಾಗವೂ ಒಂದು ಕಟ್ಟಡದ ಒಳಗೇ ಇರಲಿ, ಬಯಲಿನ ಕಾರಂಜಿ ಪಕ್ಕ ಬೇಡ.

ಮಧ್ಯಾಹ್ನದ ಊಟಕ್ಕೆ ಮೊದಲೇ ಜಾಗ ಕಾದಿರಿಸಲು ಆಗುವುದಾದರೆ ಮಳೆ ಬರುವ ಹೊತ್ತಿಗೆ ಸರಿಯಾಗಿ ಇಡಿ.

ಹೆಜ್ಜೆ 5: ಮೊದಲ ಹನಿ ಬೀಳುವ ಮುಂಚೆ ಒಳಗಿರಿ

ಮೊದಲ ಹನಿ ಬಿದ್ದ ಮೇಲೆ ಎಲ್ಲರೂ ಓಡುತ್ತಾರೆ. ಐದು ನಿಮಿಷದಲ್ಲಿ ಹತ್ತಿರದ ಅಂಗಡಿ, ಹೋಟೆಲ್, ಶೌಚಾಲಯದ ಮುಂದಿನ ಚಾವಣಿ ಎಲ್ಲ ತುಂಬಿಹೋಗುತ್ತದೆ. ಅದಕ್ಕೇ 20 ನಿಮಿಷ ಮುಂಚೆ ಹೊರಡಬೇಕು. ರಾಡಾರ್ ನೋಡಿ, ಆಕಾಶವನ್ನೂ ನೋಡಿ. ಹೂಕೋಸಿನ ಹಾಗೆ ಉಬ್ಬುತ್ತ ಎತ್ತರಕ್ಕೆ ಬೆಳೆಯುವ ಮೋಡ, ಅದರ ಬುಡ ಕಪ್ಪಾಗುವುದು, ಸೆಖೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬೀಸುವುದು, ಇವು ಕಂಡರೆ ಮಳೆ ಹತ್ತಿರ ಬಂತು ಅಂತಲೇ ತಿಳಿಯಿರಿ. ಮಕ್ಕಳು ಇನ್ನೊಂದು ರೈಡ್ ಅಂತ ಹಟ ಮಾಡುತ್ತಾರೆ, ಆಗ ಬಯಲಿನ ಕ್ಯೂ ಸೇರಬೇಡಿ. ಅರ್ಧ ಗಂಟೆ ನಿಂತು, ಬಾಗಿಲ ಹತ್ತಿರ ಬಂದಾಗ ರೈಡ್ ನಿಲ್ಲಿಸಿದರೆ ಆ ನಿರಾಸೆ ಮಳೆಗಿಂತ ಕೆಟ್ಟದ್ದು.

ಹಾಗೇನಾದರೂ ಆದರೆ ಸುಮ್ನೆ ಹೊರಗೆ ಬರಬೇಡಿ, ಮತ್ತೆ ಬರಲು ಪಾಸ್ ಕೊಡುತ್ತೀರಾ ಅಂತ ಸಿಬ್ಬಂದಿಯನ್ನು ಮರ್ಯಾದೆಯಿಂದ ಕೇಳಿ. ಕೆಲವು ಪಾರ್ಕ್‌ಗಳಲ್ಲಿ ಕೊಡುತ್ತಾರೆ.

ತುಂತುರು ಮಳೆಗೆ ಎಲ್ಲ ರೈಡ್‌ಗಳೂ ನಿಲ್ಲುವುದಿಲ್ಲ. ಉಜ್ಜಿ ನಿಲ್ಲಿಸುವ ಬ್ರೇಕ್ ಇರುವ ಕೋಸ್ಟರ್‌ಗಳಿಗೆ ನೀರು ಬಿದ್ದರೆ ಹಿಡಿತ ಕಡಿಮೆಯಾಗುತ್ತದೆ, ಹಾಗಾಗಿ ಅಂಥವನ್ನು ಬೇಗ ನಿಲ್ಲಿಸಬಹುದು. ಆಯಸ್ಕಾಂತದ ಬ್ರೇಕ್‌ಗೆ ಆ ತೊಂದರೆ ಇಲ್ಲ. ಆದರೆ ರಭಸದಲ್ಲಿ ಹೋಗುವಾಗ ಮಳೆ ಹನಿ ಮುಖಕ್ಕೆ ಸೂಜಿ ಚುಚ್ಚಿದ ಹಾಗೆ ಬಡಿಯುತ್ತದೆ, ಚಿಕ್ಕವರನ್ನು ಕೂರಿಸುವ ಮುಂಚೆ ಇದನ್ನು ಯೋಚಿಸಿ. ಪಾಂಚೋ ಹಾಕಿಕೊಂಡೇ ರೈಡ್ ಹತ್ತುವುದಾದರೆ ಸಿಬ್ಬಂದಿ ಹೇಳಿದ ಹಾಗೆ ಬಿಚ್ಚಿ ಅಥವಾ ಅಂಚನ್ನು ಕೆಳಗೆ ಸಿಕ್ಕಿಸಿ ಕೂರಿ. ಹಾರಾಡುವ ಪ್ಲಾಸ್ಟಿಕ್ ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳಬಹುದು.

ಹೆಜ್ಜೆ 6: ಗುಡುಗು ಕೇಳಿಸಿದರೆ ಮಾತೇ ಇಲ್ಲ, ಒಳಗೆ

ಗುಡುಗು ಕಿವಿಗೆ ಬಿತ್ತು ಅಂದರೆ ನೀವು ಸಿಡಿಲು ತಲುಪುವ ದೂರದಲ್ಲಿದ್ದೀರಿ. ಮಳೆ ಬೀಳುತ್ತಿರುವ ಜಾಗದಿಂದ 15 ಕಿಲೋಮೀಟರ್ ಆಚೆಗೂ ಸಿಡಿಲು ಬಡಿಯಬಹುದು, ತಲೆಯ ಮೇಲೆ ಬಿಸಿಲಿದ್ದರೂ ಸರಿ. ಇನ್ನೂ ಹನಿಯೇ ಬಿದ್ದಿಲ್ಲವಲ್ಲ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಎಷ್ಟು ದೂರದಲ್ಲಿದೆ ಅಂತ ಅಂದಾಜು ಮಾಡುವುದು ಸುಲಭ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮಿಂಚು ಕಂಡದ್ದರಿಂದ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. 15 ಸೆಕೆಂಡ್ ಆದರೆ 5 ಕಿಲೋಮೀಟರ್. ಗುಡುಗಿಗೆ ಹೆದರುವ ಮಕ್ಕಳಿಗೆ ಒಳಗೆ ಕೂತಾಗ ಈ ಲೆಕ್ಕ ಹೇಳಿಕೊಡಿ, ಎಣಿಸುವುದರಲ್ಲಿ ಮನಸ್ಸು ಹೋದರೆ ಹೆದರಿಕೆ ಎಷ್ಟೋ ಇಳಿಯುತ್ತದೆ. ಆದರೆ ದೂರ ಇದೆ ಅಂತ ಲೆಕ್ಕ ಬಂದರೂ ಹೊರಗೆ ಹೋಗಬೇಡಿ, ಮುಂದಿನ ಸಿಡಿಲು ಎಲ್ಲಿ ಬೀಳುತ್ತದೆ ಅಂತ ಅದು ಹೇಳುವುದಿಲ್ಲ.

ಒಳಗೆ ಅಂದರೆ ಗೋಡೆ, ಚಾವಣಿ, ವಿದ್ಯುತ್ ತಂತಿ, ನೀರಿನ ಪೈಪ್ ಇರುವ ನಿಜವಾದ ಕಟ್ಟಡ, ಇಲ್ಲವೇ ಲೋಹದ ಮೈ ಇರುವ, ಕಿಟಕಿ ಮುಚ್ಚಿದ ಕಾರು ಅಥವಾ ಬಸ್ಸು. ಮರದ ಕೆಳಗೆ, ಟೆಂಟ್ ಒಳಗೆ, ನಾಲ್ಕು ಕಂಬದ ಮೇಲೆ ನಿಂತ ತೆರೆದ ಚಪ್ಪರದಲ್ಲಿ ನಿಂತರೆ ತಲೆ ಒದ್ದೆಯಾಗುವುದಿಲ್ಲ ಅಷ್ಟೇ, ಸಿಡಿಲಿನಿಂದ ರಕ್ಷಣೆ ಇಲ್ಲ. ನೀರಿನ ಕೊಳ, ಲೋಹದ ಬೇಲಿ, ಕ್ಯೂನ ಕಂಬಿಗಳಿಂದ ದೂರ ಇರಿ. ನೀರಾಟದ ರೈಡ್‌ನಲ್ಲಿ ಹೇಗೂ ಒದ್ದೆಯಾಗುತ್ತೇವೆ, ಮಳೆ ಬಂದರೇನು ಅನ್ನುವುದು ಬರೀ ಮಳೆಗೆ ಸರಿ, ಗುಡುಗು ಇದ್ದಾಗ ನೀರಿನ ಹತ್ತಿರವೂ ಸುಳಿಯಬಾರದು.

ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ. ನಡುವೆ ಇನ್ನೊಂದು ಕೇಳಿದರೆ ಎಣಿಕೆ ಮತ್ತೆ ಮೊದಲಿನಿಂದ.

ಹೆಜ್ಜೆ 7: ಒಳಗೆ ಕೂತಾಗ ಮೈ ಒಣಗಿಸಿಕೊಳ್ಳಿ

ಬೇಸಿಗೆಯಲ್ಲಿ ಚಳಿ ಎಲ್ಲಿಂದ ಬಂತು ಅಂತ ಕೇಳಬೇಡಿ. ತೊಯ್ದು ತೊಪ್ಪೆಯಾದ ಬಟ್ಟೆಯಲ್ಲಿ ಎಸಿ ಹಾಲ್ ಒಳಗೆ ಕೂತು ನೋಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಅದಕ್ಕೇ ಅವರು ನಮಗಿಂತ ಬೇಗ ತಣ್ಣಗಾಗುತ್ತಾರೆ. ತುಟಿ ನೀಲಿಗಟ್ಟಿ ಹಲ್ಲು ಕಟಕಟ ಅನ್ನುತ್ತಿದ್ದರೆ ಪ್ರದರ್ಶನ ಅರ್ಧಕ್ಕೆ ಬಿಟ್ಟಾದರೂ ಎದ್ದು ಬನ್ನಿ, ಒಣ ಬಟ್ಟೆ ಹಾಕಿ, ಬಿಸಿಯಾಗಿ ಏನಾದರೂ ಕುಡಿಸಿ. ಒಳಗೆ ಹೋಗುವ ಮುಂಚೆಯೇ ಶೌಚಾಲಯದಲ್ಲಿ ಟೀ ಶರ್ಟ್ ಬದಲಿಸಿದರೆ ಇಷ್ಟೆಲ್ಲ ಆಗುವುದೇ ಇಲ್ಲ.

ಒದ್ದೆ ಚಪ್ಪಲಿಯಲ್ಲಿ ನುಣುಪು ನೆಲದ ಮೇಲೆ ಓಡುವ ಮಕ್ಕಳನ್ನು ತಡೆಯಿರಿ. ಬಾಗಿಲ ಹತ್ತಿರ, ಲೋಹದ ಇಳಿಜಾರಿನಲ್ಲಿ, ಬಣ್ಣ ಬಳಿದ ನೆಲದಲ್ಲಿ ಜಾರುವುದು ಜಾಸ್ತಿ.

ದೊಡ್ಡ ಶಬ್ದ, ಜನಜಂಗುಳಿ ಆಗದ ಮಕ್ಕಳಿದ್ದರೆ ಕಿವಿ ಮುಚ್ಚುವ ಹೆಡ್‌ಫೋನ್ ಇಟ್ಟುಕೊಳ್ಳಿ, ಶಾಂತ ಕೋಣೆ ಇದೆಯಾ ಅಂತ ಕೇಳಿ. ಹಲವು ದೊಡ್ಡ ಪಾರ್ಕ್‌ಗಳಲ್ಲಿ ಇರುತ್ತದೆ. ಉಳಿದ ಮಕ್ಕಳಿಗೆ ಒಂದು ಇಸ್ಪೀಟು ಕಟ್ಟು, ಪುಟ್ಟ ಪುಸ್ತಕ, ಬಣ್ಣದ ಪೆನ್ಸಿಲ್ ಸಾಕು. ಫೋನ್ ಕೊಟ್ಟರೆ ಬ್ಯಾಟರಿ ಖಾಲಿ, ಸಂಜೆಗೆ ಟಿಕೆಟ್ ತೋರಿಸಲು, ರಾಡಾರ್ ನೋಡಲು ಅದೇ ಬೇಕಲ್ವಾ.

ಹೆಜ್ಜೆ 8: ಮಳೆ ನಿಂತ ಮೇಲಿನ ಹೊತ್ತನ್ನು ಬಿಡಬೇಡಿ

ತುಂಬಾ ಜನ ಮಳೆಗೆ ಬೇಸತ್ತು ಹೊರಟುಹೋಗಿರುತ್ತಾರೆ. ಉಳಿದವರಲ್ಲಿ ಅರ್ಧ ಜನ ಇನ್ನೂ ಒಳಗೇ ನಿಂತಿರುತ್ತಾರೆ. ಮಳೆ ನಿಂತ ನಂತರದ ಒಂದೆರಡು ಗಂಟೆಯಲ್ಲಿ ಕ್ಯೂ ಗಿಡ್ಡ ಇರುವುದು ಇದಕ್ಕೇ. ಬೆಳಗ್ಗೆ ಆಗದ ರೈಡ್‌ಗಳಿಗೆ ಈಗ ಹೋಗಿ. ಎಲ್ಲವೂ ಒಟ್ಟಿಗೆ ಶುರುವಾಗುವುದಿಲ್ಲ, ಸಿಬ್ಬಂದಿ ಮೊದಲು ಖಾಲಿ ಗಾಡಿಗಳನ್ನು ಓಡಿಸಿ ಪರೀಕ್ಷೆ ಮಾಡುತ್ತಾರೆ. ಖಾಲಿ ಗಾಡಿ ಓಡುತ್ತಿರುವುದು ಕಂಡರೆ ಆ ರೈಡ್ ಹತ್ತಿರವೇ ಇರಿ, ತೆರೆಯುವ ಹೊತ್ತು ಹತ್ತಿರ ಬಂದಿರಬಹುದು. ಪಾರ್ಕ್ ಆ್ಯಪ್‌ನಲ್ಲೂ ಕಣ್ಣಿಟ್ಟಿರಿ.

ಮತ್ತೆ ಬಿಸಿಲು ಬಂದಾಗ ಸನ್‌ಸ್ಕ್ರೀನ್ ಹೊಸದಾಗಿ ಹಚ್ಚಿ, ಹಳೆಯದು ಮಳೆಗೆ ಹೋಗಿರುತ್ತದೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಧಗೆ ಮೊದಲಿಗಿಂತ ಜಾಸ್ತಿ ಅನ್ನಿಸುತ್ತದೆ. ಮಳೆಯಲ್ಲಿ ಯಾರಿಗೂ ಬಾಯಾರಿಕೆ ಆಗಿರುವುದಿಲ್ಲ, ಆದ್ದರಿಂದ ನೆನಪಿಸಿ ನೀರು ಕುಡಿಸಿ.

ಮಳೆ ಬಂದ ದಿನ ಮೆರವಣಿಗೆ ರದ್ದಾಗಬಹುದು, ಇಲ್ಲವೇ ಗಿಡ್ಡದಾಗಿ ನಡೆಯಬಹುದು. ಪಟಾಕಿ ಪ್ರದರ್ಶನ ಸಣ್ಣ ಮಳೆಗೆ ನಿಲ್ಲದಿದ್ದರೂ ಗಾಳಿ, ಸಿಡಿಲು ಇದ್ದರೆ ನಿಲ್ಲುತ್ತದೆ. ಮಗು ಅದಕ್ಕಾಗಿಯೇ ಕಾದಿದ್ದರೆ ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, ಮೊದಲ ದಿನವೇ ನೋಡಿಬಿಡಿ. ತಪ್ಪಿದರೆ ಇನ್ನೊಂದು ದಿನ ಇರುತ್ತದೆ.

ಹೆಜ್ಜೆ 9: ರೂಮಿಗೆ ಬಂದ ಮೇಲೆ

ಎಷ್ಟೇ ಸುಸ್ತಾಗಿದ್ದರೂ ಮೊದಲು ಶೂ ನೋಡಿಕೊಳ್ಳಿ. ಒಳಗಿನ ಮೆತ್ತೆ ತೆಗೆದು ಬೇರೆ ಇಡಿ, ಶೂ ಒಳಗೆ ಹಳೆ ಪೇಪರ್ ತುರುಕಿ, ಒಂದು ಗಂಟೆ ಬಿಟ್ಟು ಒದ್ದೆ ಪೇಪರ್ ತೆಗೆದು ಹೊಸದು ಹಾಕಿ, ಫ್ಯಾನ್ ಕೆಳಗಿಡಿ. ಬಟ್ಟೆ ಹಿಂಡಿದ ಮೇಲೆ ಒಣ ಟವೆಲ್‌ನಲ್ಲಿ ಸುತ್ತಿ ಬಿಗಿಯಾಗಿ ತಿರುಚಿದರೆ ಉಳಿದ ನೀರೂ ಟವೆಲ್‌ಗೆ ಹೋಗುತ್ತದೆ, ಬೆಳಗಾಗುವುದರಲ್ಲಿ ಒಣಗುತ್ತದೆ. ಪಾಂಚೋಗಳನ್ನು ಮಡಿಸಿ ಬ್ಯಾಗ್‌ನಲ್ಲಿ ಬಿಡಬೇಡಿ, ಸ್ನಾನದ ಕೋಣೆಯಲ್ಲಿ ನೇತುಹಾಕಿ.

ಫೋನ್‌ಗೆ ನೀರು ಹೋಗಿದೆ ಅನ್ನಿಸಿದರೆ ಚಾರ್ಜಿಗೆ ಹಾಕಬೇಡಿ. ಚಾರ್ಜಿಂಗ್ ಕಿಂಡಿ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಗಾಳಿ ಆಡುವ ಕಡೆ ಇಡಿ. ಅಕ್ಕಿ ಡಬ್ಬಿಯೊಳಗೆ ಹಾಕುವುದು, ಹೇರ್ ಡ್ರೈಯರ್ ಹಿಡಿಯುವುದು ಎರಡೂ ಬೇಡ, ಅಕ್ಕಿಯ ಪುಡಿ ಚಾರ್ಜಿಂಗ್ ಕಿಂಡಿಗೆ ಹೋಗುತ್ತದೆ, ಬಿಸಿ ಗಾಳಿ ಒಳಗಿನ ಭಾಗಗಳಿಗೆ ಒಳ್ಳೆಯದಲ್ಲ.

ಮಕ್ಕಳ ಪಾದಗಳನ್ನು ದೀಪದ ಬೆಳಕಲ್ಲಿ ಒಮ್ಮೆ ನೋಡಿ. ಕೆಂಪಾಗಿ ಉಜ್ಜಿದ ಜಾಗ ಇದ್ದರೆ ಇವತ್ತೇ ಪಟ್ಟಿ ಹಾಕಿ, ನಾಳೆಗೆ ಬೇರೆ ಚಪ್ಪಲಿ ತೆಗೆದಿಡಿ. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ, ಮೇಲೆ ಮೆತ್ತನೆಯ ಪಟ್ಟಿ ಅಂಟಿಸಿ. ಆಮೇಲೆ ನಾಳೆಯ ಗಂಟೆ ಗಂಟೆಯ ಮುನ್ಸೂಚನೆ ನೋಡಿ, ಮಳೆ ಎಷ್ಟು ಹೊತ್ತಿಗೆ ಅಂತ ತೋರಿಸುತ್ತಿದೆಯೋ ಅದಕ್ಕೆ ತಕ್ಕಂತೆ ಊಟದ ಹೊತ್ತನ್ನು ಹಿಂದೆ ಮುಂದೆ ಮಾಡಿ, ಅಲಾರಂ ಇಟ್ಟು ಮಲಗಿ.